ಪ್ರೋದಾನನ ನೀಲಿ ಕಾರ್ಡು

ಎರಡೂ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಅಸೆನ್‌ನ ಲೋಕ ತುಂಬ ಚಿಕ್ಕದಾಗಿಬಿಟ್ಟಿತ್ತು. ಸೋಫಿಯಾ ನಗರದ ಹಳೇ ಪೇಟೆಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಅವನ ಮನೆ. ಮನೆಯಿಂದ ಬಾಗಿಲ ಮುಂದಿನ ಕಾರು, ಕಾರಿನಿಂದ ಊರಾಚೆಯ ಡಯಾಲಿಸಿಸ್ ಕೇಂದ್ರ, ಅಲ್ಲಿಂದ ಮತ್ತೆ ಮನೆ. ವಾರಕ್ಕೆ ಮೂರು ಸಲ ಇದೇ ಯಾತ್ರೆ. ಮಿಕ್ಕ ದಿನ ಕಿಟಕಿ ಪಕ್ಕದ ಕುರ್ಚಿ.

ಈ ಯಾತ್ರೆ ನಡೆಸುತ್ತಿದ್ದವಳು ಹೆಂಡತಿ ಗಿನ್ಕಾ. ಶಾಲೆಯೊಂದರ ಅಡುಗೆಮನೆಯಲ್ಲಿ ಬೆಳಗಿನ ಕೆಲಸ ಮುಗಿಸಿ ಓಡಿಬಂದು, ಗಂಡನಿಗೆ ಬೂಟು ತೊಡಿಸಿ, ಮೆಟ್ಟಿಲಿಳಿಸುತ್ತಿದ್ದಳು. ಅವಳು ಒಂದು ಮೆಟ್ಟಿಲು ಮುಂದೆ, ಅವನ ಕೈ ಅವಳ ಹೆಗಲ ಮೇಲೆ. ಮಹಡಿಗೊಂದು ಸಲ ನಿಂತು ಸುಧಾರಿಸಿಕೊಳ್ಳಬೇಕು. ಒಂದು ಕಾಲಕ್ಕೆ ಈ ಅಸೆನ್ ವಿತೋಶಾ ಬೆಟ್ಟದ ರಕ್ಷಣಾ ತಂಡದಲ್ಲಿದ್ದವನು. ಹಿಮದಲ್ಲಿ ಕಾಲು ಮುರಿದುಕೊಂಡು ಬಿದ್ದವರನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಿದವನು.

"ನಿಧಾನ, ಅಸೆನ್."

"ಇದಕ್ಕಿಂತ ನಿಧಾನ ಅಂದ್ರೆ ನಿಂತುಕೊಂಡಂಗೇ ಕಣೇ."

ಹೇಗೋ ಇಳಿದುಬಿಟ್ಟರೆ ಕಾರು ಎದುರಿಗೇ ಇರುತ್ತಿತ್ತು. ಹಳೇ ಡೀಸೆಲ್ ಗಾಡಿ. ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಇಡೀ ಬೀದಿಗೆ ಕರಿಹೊಗೆಯ ಸಂತರ್ಪಣೆ.

ಆ ವರ್ಷ ನಗರಸಭೆ ಹೊಸ ನಿಯಮ ತಂದಿತು. ಚಳಿಗಾಲ ಬಂತೆಂದರೆ ಬೆಟ್ಟದ ಬುಡದ ಆ ಊರಿನ ಮೇಲೆ ಹೊಗೆ ಮುಚ್ಚಳ ಹಾಕಿದ ಹಾಗೆ ಕೂತುಬಿಡುತ್ತಿತ್ತು. ಭೂಮಿ ಬಿಸಿಯೇರುತ್ತಿದೆ, ಊರೂ ತನ್ನ ಪಾಲಿನದು ಮಾಡಬೇಕು ಎಂದು ಸಭೆಯಲ್ಲಿ ತೀರ್ಮಾನವಾಯಿತು. ಡಿಸೆಂಬರಿನಿಂದ ಹಳೇ ಪೇಟೆಯೊಳಕ್ಕೆ ಹಳೇ ಡೀಸೆಲ್ ಗಾಡಿ ತರುವಂತಿಲ್ಲ, ನಿಲ್ಲಿಸುವಂತಿಲ್ಲ. ಅಲ್ಲೇ ವಾಸ ಇರುವವರಿಗೆ ಗಾಡಿ ನಿಲ್ಲಿಸಲು ಕೊಡುತ್ತಿದ್ದ ಸ್ಟಿಕ್ಕರೂ ಇನ್ನು ಸಿಗದು. ರಸ್ತೆ ಬದಿಯ ಜಾಗದಲ್ಲಿ ಅರ್ಧವನ್ನು ಗಿಡಗಳಿಗೆ, ಸೈಕಲ್ಲುಗಳಿಗೆ ಬಿಡಬೇಕು.

ಇದಕ್ಕಾಗಿ ಹೋರಾಡಿದವರ ಮುಂದಿನ ಸಾಲಿನಲ್ಲಿದ್ದವಳು ಗಿನ್ಕಾಳ ಸ್ವಂತ ಮಗಳು ಇಸ್ಕ್ರಾ. ಇಸ್ಕ್ರಾಳ ಮಗಳು, ಆರು ವರ್ಷದ ಬಿಲ್ಯಾನಾ, ಉಬ್ಬಸದ ಹುಡುಗಿ. ಹೊಗೆ ದಟ್ಟವಾದ ದಿನ ಮಗುವಿನ ಪಕ್ಕೆಲುಬು ಒಳಕ್ಕೆ ಸೇದಿಕೊಳ್ಳುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು. ಗಿನ್ಕಾಳೂ ಒಮ್ಮೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ನಗರಸಭೆಯ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದ್ದಳು. ಆ ಹೊಗೆಯಲ್ಲಿ ತಮ್ಮ ಕಾರಿನದೂ ಪಾಲಿದೆ ಎಂಬುದು ಅವತ್ತು ಅವಳಿಗೆ ಹೊಳೆದೇ ಇರಲಿಲ್ಲ.

ಹೊಳೆದ ದಿನ ಮಗಳಿಗೆ ಫೋನು ಮಾಡಿದಳು.

"ಅಮ್ಮಾ, ಅಂಗವಿಕಲರಿಗೆ ವಿನಾಯಿತಿ ಇದೆ. ನಾವೇ ಜಗಳ ಆಡಿ ಸೇರಿಸಿದ್ದು. ಅಪ್ಪನಿಗೆ ನೀಲಿ ಕಾರ್ಡು ಮಾಡಿಸು, ಎಷ್ಟು ಹಳೇ ಗಾಡಿಯಾದ್ರೂ ಬಾಗಿಲಲ್ಲೇ ನಿಲ್ಲಿಸಬಹುದು."

"ನಿಮ್ಮಪ್ಪನ್ನ ಒಪ್ಪಿಸೋರು ಯಾರು?"

ಅಸೆನ್ ಒಪ್ಪಲಿಲ್ಲ. "ವೈದ್ಯರ ಆಯೋಗದ ಮುಂದೆ ಹೋಗಿ ಅಂಗಿ ಬಿಚ್ಚಿ ನಿಂತುಕೊಂಡು, ಸ್ವಾಮೀ ನಾನು ಕೆಲಸಕ್ಕೆ ಬಾರದವನು ಅಂತ ಸೀಲು ಹೊಡೆಸಿಕೊಳ್ಳಲಾ? ಆ ಗಾಲಿಕುರ್ಚಿ ಚಿತ್ರ ನನ್ನ ಕಾರಿನಲ್ಲಿ ಇರಕೂಡದು."

"ಚಿತ್ರ ಅಲ್ವೋ, ಅದು ಬರೀ ಕಾಗದ."

"ನಿನಗೆ ಕಾಗದ."

ಬೇಸಗೆಯೆಲ್ಲ ಇದೇ ರಗಳೆ. ಕೊನೆಗೆ ಒಂದು ದಿನ ಮೆಟ್ಟಿಲ ಮೇಲೆ ಗಿನ್ಕಾಳ ಮಂಡಿ ಕುಸಿದು ಇಬ್ಬರೂ ಗೋಡೆಗೆ ಬಡಿದುಕೊಂಡರು. ಅವಳ ಹಣೆ ಊದಿಕೊಂಡಿದ್ದನ್ನು ನೋಡಿ ಅಸೆನ್ ಆಯಿತೆಂದು ತಲೆಯಾಡಿಸಿದ. ಅರ್ಜಿ ಹೋಯಿತು. ಅಷ್ಟು ಹೊತ್ತಿಗೆ ಊರಿನ ಅರ್ಧ ಜನ ಇದೇ ಕಾರ್ಡಿಗೆ ಸಾಲುಗಟ್ಟಿದ್ದರು. ಆಯೋಗ ಕೊಟ್ಟ ತಾರೀಖು ಮಾರ್ಚಿಗೆ ಬಿತ್ತು.

ಡಿಸೆಂಬರಿನಿಂದ ಮಾರ್ಚಿನವರೆಗೆ ಏನು ಮಾಡುವುದು? ಡಯಾಲಿಸಿಸ್ ಕೇಂದ್ರಕ್ಕೆ ಒಂದು ವ್ಯಾನಿತ್ತು. ಅದು ಕಟ್ಟಡದ ಬಾಗಿಲವರೆಗೆ ಬರುತ್ತಿತ್ತು, ಮೇಲೆ ಹತ್ತಿ ಯಾರೂ ಬರುತ್ತಿರಲಿಲ್ಲ. ಅದಿರಲಿ, ಅದರಲ್ಲಿ ಜಾಗವೇ ಇರಲಿಲ್ಲ. "ಯಾರಾದ್ರೂ ಜಾಗ ಬಿಟ್ಟರೆ ಹೇಳ್ತೀನಿ" ಎಂದಳು ನರ್ಸು. ಆ ವ್ಯಾನಿನ ಜಾಗ ಬಿಡುವವರು ಒಂದೇ ರೀತಿಯಲ್ಲಿ ಬಿಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಟ್ಯಾಕ್ಸಿ ಹಿಡಿದು ನೋಡಿದರು. ಚಿಕಿತ್ಸೆ ಮುಗಿಸಿ ಬರುವಾಗ ಅಸೆನ್ ಹಿಂದಿನ ಸೀಟಿನ ಮೇಲೆ ವಾಂತಿ ಮಾಡಿಕೊಂಡ. ಚಾಲಕ ಬೈಯಲಿಲ್ಲ, ಸುಮ್ಮನೆ ಒರೆಸಿದ. ಅವನು ಬೈದಿದ್ದರೇ ಚೆನ್ನಾಗಿತ್ತು ಎಂದ ಅಸೆನ್, ಮತ್ತೆ ಟ್ಯಾಕ್ಸಿ ಹತ್ತಲಿಲ್ಲ. ಕಾರನ್ನು ನಿಯಮದ ಗಡಿಯಾಚೆ ನಿಲ್ಲಿಸಿ ಅಲ್ಲಿವರೆಗೆ ನಡೆಸೋಣವೆಂದರೆ, ಬೀದಿಯ ತುದಿ ಮುಟ್ಟುವಷ್ಟೂ ಅವನ ಕಾಲಲ್ಲಿ ಕಸುವಿರಲಿಲ್ಲ.

ಎರಡನೇ ಮಹಡಿಯ ದಾಫಿನಾಳಿಗೆ ಇದೆಲ್ಲ ಕಣ್ಣಿಗೆ ಬೀಳುತ್ತಿತ್ತು. ಅವಳ ಗಂಡ ಪ್ರೋದಾನ್ ಆಗಷ್ಟೇ ತೀರಿಕೊಂಡಿದ್ದ. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡವನು. ಒಂದು ಸಂಜೆ ಅವಳು ಗಿನ್ಕಾಳನ್ನು ಬಾಗಿಲಲ್ಲಿ ತಡೆದು, ಏಪ್ರನ್ನಿನ ಜೇಬಿನಿಂದ ಏನೋ ತೆಗೆದು ಅಂಗೈಯಲ್ಲಿಟ್ಟಳು. ನೀಲಿ ಕಾರ್ಡು.

"ಇನ್ನೂ ಎರಡು ವರ್ಷ ನಡೆಯುತ್ತೆ. ವಾಪಸು ಕೊಡಬೇಕಂತೆ, ನನಗೆ ಮನಸ್ಸು ಬರಲಿಲ್ಲ. ತಗೋ."

"ದಾಫಿನಕ್ಕಾ, ಇದು ತಪ್ಪಾಗುತ್ತೆ."

"ಯಾರಿಗೆ ತಪ್ಪು? ಪ್ರೋದಾನ್ ಏನು ಎದ್ದು ಬಂದು ಕೇಳ್ತಾನಾ? ಬದುಕಿದ್ದಾಗಲೇ ಆ ಮನುಷ್ಯ ಯಾರಿಗೂ ಇಲ್ಲ ಅಂದವನಲ್ಲ."

ಗಿನ್ಕಾ ಆಗ ಕಾರ್ಡು ಹಿಂದಕ್ಕೆ ಕೊಡಬಹುದಿತ್ತು. ಕೊಡಲಿಲ್ಲ. ಮುಳುಗುವವನು ಹುಲ್ಲುಕಡ್ಡಿಯನ್ನು ಯಾರ ಹೊಲದ್ದೆಂದು ವಿಚಾರಿಸುವುದಿಲ್ಲ. ಕಾರ್ಡಿನ ಒಂದು ಮಗ್ಗುಲಲ್ಲಿ ಗಾಲಿಕುರ್ಚಿಯ ಚಿತ್ರ, ನಂಬರು. ಇನ್ನೊಂದು ಮಗ್ಗುಲಲ್ಲಿ ಪ್ರೋದಾನನ ಫೋಟೊ. ಕಾರು ನಿಲ್ಲಿಸಿದಾಗ ಫೋಟೊ ಕೆಳಗಾಗುವಂತೆ ಗಾಜಿನ ಒಳಗೆ ಇಡುವುದು, ಅಸೆನ್‌ನನ್ನು ಕೂರಿಸುವ ಮೊದಲು ತೆಗೆದು ಕೋಟಿನ ಜೇಬಿಗೆ ಹಾಕಿಕೊಳ್ಳುವುದು. ಅವನು ಕೇಳಿದಾಗ, "ಮಾರ್ಚಿನವರೆಗೆ ತಾತ್ಕಾಲಿಕ ಅನುಮತಿ ಕೊಟ್ಟಿದ್ದಾರೆ" ಎಂದಳು.

"ನೋಡಿದ್ಯಾ? ಮನುಷ್ಯರ ಥರ ಕೇಳಿದ್ರೆ ಅವರೂ ಮನುಷ್ಯರೇ" ಎಂದು ಅಸೆನ್ ಸಮಾಧಾನಪಟ್ಟ.

ಪ್ರೋದಾನ್ ತೀರಿಕೊಂಡ ನಲವತ್ತನೇ ದಿನ ಬಂತು. ದಾಫಿನಾ ಸಕ್ಕರೆ ಬೆರೆಸಿ ಬೇಯಿಸಿದ ಗೋಧಿಯನ್ನು ಬಟ್ಟಲಲ್ಲಿ ಮನೆಮನೆಗೆ ಹಂಚಿದಳು. ಸತ್ತವರ ಫೋಟೊ ಅಚ್ಚು ಹಾಕಿಸಿದ ಚೀಟಿಯನ್ನು ಕಟ್ಟಡದ ಬಾಗಿಲಿಗೆ ಅಂಟಿಸುವುದು ಅಲ್ಲಿನ ಪದ್ಧತಿ. ಗಿನ್ಕಾಳೇ ಟೇಪು ಹರಿದು, ಚೀಟಿ ನೆಟ್ಟಗಿದೆಯೇ ಎಂದು ಹಿಂದೆ ಸರಿದು ನೋಡಿ, ಅಂಟಿಸಿಕೊಟ್ಟಳು. ಪ್ರೋದಾನನ ಹತ್ತಿರ ಒಳ್ಳೇ ಫೋಟೊ ಅಂತ ಇದ್ದದ್ದು ಒಂದೇ.

ಆ ವಾರದಲ್ಲೇ ಅದು ಆಯಿತು. ಮೂರು ದಿನದಿಂದ ಗಾಳಿ ಅಲ್ಲಾಡಿರಲಿಲ್ಲ. ಮಂಜು, ಹೊಗೆ ಬೆರೆತು ಎದುರುಮನೆ ಕಾಣುತ್ತಿರಲಿಲ್ಲ, ನಾಲಿಗೆಯ ಮೇಲೆ ಇದ್ದಿಲ ರುಚಿ. ಗಿನ್ಕಾ ಶಾಲೆಯಿಂದ ತಡವಾಗಿ ಬಂದವಳು ಚಳಿಗೆ ಮರಗಟ್ಟಿದ ಬೆರಳಲ್ಲಿ ಕಾರ್ಡನ್ನು ಗಾಜಿನ ಕೆಳಗೆ ಎಸೆದು ಮೇಲಕ್ಕೆ ಓಡಿದಳು. ಅದು ಯಾವ ಮಗ್ಗುಲಿಗೆ ಬಿತ್ತೆಂದು ನೋಡಲಿಲ್ಲ.

ಅಸೆನ್‌ನನ್ನು ಇಳಿಸಿಕೊಂಡು ಮೊದಲ ಮಹಡಿಗೆ ಬಂದಾಗ ಕೆಳಗಿನಿಂದ ಸರಪಳಿಯ ಸದ್ದು ಕೇಳಿತು.

"ಜೇಡ ಬಂದಂಗಿದೆ. ಪಾಪ, ಯಾರ ಗಾಡಿಯೋ" ಎಂದ ಅಸೆನ್. ಕಾರೆತ್ತುವ ಲಾರಿಯನ್ನು ಊರವರೆಲ್ಲ ಜೇಡ ಅಂತಲೇ ಕರೆಯುವುದು.

ಬಾಗಿಲು ತೆಗೆದರೆ ಅವರ ಕಾರು ಆಗಲೇ ಮೊಣಕಾಲೆತ್ತರ ನೆಲ ಬಿಟ್ಟಿತ್ತು. ನಾಲ್ಕು ಚಕ್ರಕ್ಕೂ ಕಬ್ಬಿಣದ ಪಟ್ಟಿ. ಗಿನ್ಕಾ ಅಸೆನ್‌ನನ್ನು ಕೊನೆಯ ಮೆಟ್ಟಿಲ ಮೇಲೆ ಕೂರಿಸಿ ಓಡಿದಳು.

"ಇಳಿಸ್ರೀ! ಇಳಿಸ್ರೀ! ರೋಗಿ ಇದ್ದಾರೆ, ಆಸ್ಪತ್ರೆಗೆ ಹೊರಟಿದ್ದೀವಿ! ಕಾರ್ಡಿದೆ, ನೋಡಿಲ್ವಾ?"

ನಗರಸಭೆಯ ಇನ್‌ಸ್ಪೆಕ್ಟರ್ ಐವತ್ತರ ಆಸುಪಾಸಿನವನು. ಬಾಯಿಗೆ ಮಾಸ್ಕು, ಅದರ ಮೇಲೆ ದಣಿದ ಕಣ್ಣು.

"ನೋಡಿದೆ ಮೇಡಂ. ಕಾರ್ಡು ಯಾರದು?"

"ನನ್ನ ಗಂಡಂದು. ಅಲ್ಲಿ ಕೂತಿದ್ದಾರಲ್ಲ."

ಅವನು ಮೆಟ್ಟಿಲ ಕಡೆ ನೋಡಿದ. ಆಮೇಲೆ ತೆರೆದ ಬಾಗಿಲ ಕಡೆ ನೋಡಿದ. ಅಸೆನ್‌ನ ತಲೆಯ ಪಕ್ಕದಲ್ಲೇ, ಕಪ್ಪು ಅಂಚಿನ ಚೀಟಿಯಲ್ಲಿ ಪ್ರೋದಾನ್ ಟೈ ಕಟ್ಟಿಕೊಂಡು ನಗುತ್ತಿದ್ದ. ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಫೋನನ್ನು ಅವಳತ್ತ ತಿರುಗಿಸಿದ. ಗಾಜಿನೊಳಗೆ ಬಿದ್ದಿದ್ದ ಕಾರ್ಡಿನ ಚಿತ್ರ. ಅದರಲ್ಲೂ ಅದೇ ಟೈ, ಅದೇ ನಗು.

"ನಾನು ಇಂಥದ್ದು ಹುಡುಕಿಕೊಂಡು ಬಂದವನಲ್ಲ ಮೇಡಂ" ಎಂದ ಅವನು, ದನಿ ತಗ್ಗಿಸಿ. "ಕಣ್ಣಿಗೆ ಬಿತ್ತು. ಬಿದ್ದ ಮೇಲೆ ಕಾಣಲಿಲ್ಲ ಅನ್ನೋಕಾಗಲ್ಲ. ಲಾರಿಯವನೂ ನೋಡಿದ್ದಾನೆ."

"ಇವತ್ತೊಂದಿನ ಬಿಡಿ. ನಿಮ್ಮ ಕಾಲು ಹಿಡೀತೀನಿ. ಆಸ್ಪತ್ರೆಗೆ ಬಿಟ್ಟು ಬಂದು ನಾನೇ ಗಾಡಿ ಒಪ್ಪಿಸ್ತೀನಿ."

"ಪೊಲೀಸರಿಗೆ ತಿಳಿಸಿಯಾಯ್ತು. ಬೇಕಾದ್ರೆ ಟ್ಯಾಕ್ಸಿ ಕರೀತೀನಿ."

"ಏನಂತೆ, ಗಿನ್ಕೇ?" ಮೆಟ್ಟಿಲ ಮೇಲಿಂದ ಅಸೆನ್ ಕೇಳಿದ. "ಅನುಮತಿ ತೋರಿಸು ಅವರಿಗೆ."

ಇನ್‌ಸ್ಪೆಕ್ಟರ್ ಮಾಸ್ಕು ಸರಿಮಾಡಿಕೊಂಡು ಬೇರೆ ಕಡೆ ತಿರುಗಿದ. ಆಗ ಅಸೆನ್ ತನ್ನ ಪಕ್ಕದ ಚೀಟಿಯನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಸತ್ತವನ ಹೆಸರಲ್ಲಿ ನನ್ನ ಓಡಾಡಿಸಿದ್ಯಾ?"

"ಅಸೆನ್, ಮಾರ್ಚಿನವರೆಗೆ ಮಾತ್ರ ಅಂತ..."

"ಪ್ರೋದಾನ್ ನನ್ನ ಜೊತೆ ಮೂವತ್ತು ವರ್ಷ ಚದುರಂಗ ಆಡಿದವನು. ಅವನ ಶವದ ಮೇಲೆ ಕೂತು ಹೋಗಿಬಂದೆನಲ್ಲೇ."

ಅವನು ಗೋಡೆ ಹಿಡಿದು ತಾನೇ ಎದ್ದ. ಟ್ಯಾಕ್ಸಿ ಬೇಡ ಎಂದ. ಆಸ್ಪತ್ರೆ ಬೇಡ ಎಂದ. ಹೆಗಲು ಕೊಡಲು ಹೋದ ಅವಳ ಕೈಯನ್ನು ತಳ್ಳಿ, ಕಂಬಿ ಹಿಡಿದು, ಕೆಲವು ಕಡೆ ಅಂಬೆಗಾಲಿಟ್ಟು, ಮೂರು ಮಹಡಿ ಹತ್ತಿದ. ಗಿನ್ಕಾ ಹಿಂದೆ ಹಿಂದೆ ಕೈಚಾಚಿಕೊಂಡು, ಮುಟ್ಟಲಾರದೆ, ಅಳುತ್ತ ಹತ್ತಿದಳು. ದಾಫಿನಾಳ ಬಾಗಿಲು ಸ್ವಲ್ಪ ತೆರೆದು ಮತ್ತೆ ಮುಚ್ಚಿಕೊಂಡಿತು.

ಅವತ್ತಿನ ಸರದಿ ಹೋಯಿತು. ಮುಂದಿನ ಸರದಿಗೂ ಅಸೆನ್ ಕುರ್ಚಿ ಬಿಟ್ಟೇಳಲಿಲ್ಲ. ಕೇಂದ್ರದ ನರ್ಸು ಫೋನಿನಲ್ಲಿ ಕಿರುಚಿದಳು: "ಹೇಗಾದ್ರೂ ಕರ್ಕೊಂಡು ಬನ್ನಿ, ಹೀಗೆ ಬಿಟ್ಟರೆ ಎದೆಯಲ್ಲಿ ನೀರು ತುಂಬುತ್ತೆ!" ಗಿನ್ಕಾ ಬೇಡಿದಳು, ಬೈದಳು, ನೆಲಕ್ಕೆ ಕೂತು ಅವನ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಬೂಟು ತೊಡಿಸಲು ನೋಡಿದಳು. ಬೂಟು ಹಿಡಿಸಲಿಲ್ಲ.

"ಬಿಟ್ಟುಬಿಡು ಗಿನ್ಕೇ. ನಿನ್ನ ಬೆನ್ನು ಮುರಿದಿದ್ದು ಸಾಕು, ಮಾನನೂ ಹೋಯ್ತು. ಇನ್ನು ಏನು ಉಳಿಸೋಕೆ ನೋಡ್ತಿದ್ದೀಯ?"

ಅವಳು ಬ್ರೆಡ್ಡು ತರಲು ಕೆಳಗಿಳಿದು ಬರುವಷ್ಟರಲ್ಲಿ ಅವನು ಬಾಲ್ಕನಿಗೆ ಹೋಗಿದ್ದ. ಅಲ್ಲಿ ಚಳಿಗಾಲಕ್ಕೆಂದು ಎಲೆಕೋಸು ಹುದುಗಿಸಿಟ್ಟ ಪೀಪಾಯಿ ಇತ್ತು. ಆ ಉಪ್ಪುನೀರು ಅವನಿಗೆ ಪ್ರಾಣ. ಕಾಯಿಲೆ ಬಿದ್ದಂದಿನಿಂದ ಅದು ವಿಷ, ಒಂದು ಗುಟುಕೂ ಕೂಡದು ಎಂದು ವೈದ್ಯರು ಹೇಳಿದ್ದರು. ಅವಳು ಬಂದಾಗ ಅವನು ಪೀಪಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಖಾಲಿ ಮಗ್ಗು ಹಿಡಿದು, ಗಡ್ಡದಿಂದ ತೊಟ್ಟಿಕ್ಕುವುದನ್ನು ಒರೆಸಿಕೊಳ್ಳುತ್ತಿದ್ದ.

"ಈ ಸಲ ಚೆನ್ನಾಗಿ ಹುಳಿ ಹಿಡಿದಿದೆ" ಎಂದ.

ಗಿನ್ಕಾ ಮಗ್ಗು ಕಿತ್ತುಕೊಂಡು ಬೀದಿಗೆ ಎಸೆದಳು. ಆಮೇಲೆ ಮಗಳಿಗೆ ಫೋನು ಮಾಡಿದಳು.

ಇಸ್ಕ್ರಾ ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ನಿಂತು ನಡೆದದ್ದನ್ನೆಲ್ಲ ಕೇಳಿದಳು.

"ಕಾರು ಹೋದ ದಿನವೇ ಯಾಕಮ್ಮಾ ಹೇಳಲಿಲ್ಲ?"

"ಯಾರಿಗೆ ಹೇಳಲಿ? ನೀನೇ ತಾನೆ ಮಾಡಿಸಿದ್ದು! ಗಿಡ ನೆಡಬೇಕು, ಭೂಮಿ ತಣ್ಣಗಾಗಬೇಕು ಅಂತ ಬೋರ್ಡು ಹಿಡ್ಕೊಂಡು ಕುಣಿದೆಯಲ್ಲ. ಒಳಗೆ ಹೋಗಿ ನೋಡು, ನಿಮ್ಮಪ್ಪ ತಣ್ಣಗಾಗ್ತಿದ್ದಾರೆ."

"ಹಾಗಾದ್ರೆ ನಿಯಮ ತಪ್ಪು ಅಂತ ಹೇಳಬೇಕಾ ನಾನು? ಹೋದ ಚಳಿಗಾಲ ಬಿಲ್ಯಾನಾ ನನ್ನ ಕೈಯಲ್ಲಿ ನೀಲಿಗಟ್ಟಿದಾಗ ನೀನೂ ಇದ್ದೆ. ಆಗ ಹೊಗೆ ಬಿಡೋರನ್ನೆಲ್ಲ ಹಿಡಿಶಾಪ ಹಾಕಿದವಳು ನೀನು!"

"ಅದು ಬೇರೆ!"

"ಏನು ಬೇರೆ? ಅವಳ ಉಸಿರು ಬೇರೆ, ಅಪ್ಪನ ಉಸಿರು ಬೇರೆ?"

"ಮಾರ್ಚಿನವರೆಗೆ ಕಾಯೋಕೆ ನಿಮ್ಮ ಊರಿಗೆ ಪುರುಸೊತ್ತಿರಲಿಲ್ಲ ಅಲ್ವೇನೇ? ಮುದುಕರು, ರೋಗಿಗಳು ಎಲ್ಲ ಡಿಸೆಂಬರೊಳಗೆ ಕಾಗದ ಸರಿಮಾಡಿಕೊಂಡು ರೆಡಿಯಾಗಿ ಕೂತಿರಬೇಕಿತ್ತಾ?"

ಇಸ್ಕ್ರಾ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಒಂದು ಸದ್ದು ಬಂತು. ಒದ್ದೆ ಬಟ್ಟೆಯ ಮೂಲಕ ಗಾಳಿ ಎಳೆದಂಥ ಸದ್ದು. ಇಬ್ಬರೂ ಓಡಿದರು.

ಅಸೆನ್ ಕುರ್ಚಿಯ ತೋಳುಗಳನ್ನು ಹಿಡಿದು ಮುಂದಕ್ಕೆ ಬಾಗಿದ್ದ. ಕತ್ತಿನ ನರ ಉಬ್ಬಿತ್ತು, ಹೆಗಲುಗಳು ಪ್ರತಿ ಉಸಿರಿಗೂ ಕಿವಿಯವರೆಗೆ ಏರುತ್ತಿದ್ದವು. ಅವನು ಮಗಳ ಕೈ ತಡವಿ ಹಿಡಿದ.

"ಬಿಲ್ಯಾನಾಗೆ... ಹೀಗೇ ಆಗುತ್ತಾ?"

ಇಸ್ಕ್ರಾ ಅವನ ಮುಂದೆ ಮಂಡಿಯೂರಿದಳು. "ಹೂಂ ಅಪ್ಪಾ. ಹೀಗೇ."

"ಇಷ್ಟು... ಹೆದರಿಕೆ?"

"ಹೂಂ."

"ಅಯ್ಯೋ ಕೂಸೇ" ಎಂದ. ಅವನ ಕಣ್ಣಿಂದ ನೀರು ಇಳಿಯಿತು. ಸಾಯಲು ಹಟ ಹಿಡಿದು ಕೂತವನು, ಸಾವು ಎದೆಯ ಮೇಲೆ ಬಂದು ಕೂತಾಗ ಸಾಮಾನ್ಯರಂತೆಯೇ ಹೆದರಿದ್ದ. ಆ ಹೆದರಿಕೆಯನ್ನು ಆ ಪುಟ್ಟ ಹುಡುಗಿ ಚಳಿಗಾಲವಿಡೀ ಒಬ್ಬಳೇ ಅನುಭವಿಸುತ್ತಾಳೆಂಬುದು ಅವನಿಗೆ ಆಗ ತಿಳಿಯಿತು. "ಕರೀರಿ" ಎಂದ. "ಯಾರನ್ನಾದ್ರೂ... ಕರೀರಿ."

ಆಂಬುಲೆನ್ಸು ನೇರ ಬಾಗಿಲಿಗೇ ಬಂದು ನಿಂತಿತು. ರಸ್ತೆ ಬದಿ ಖಾಲಿಯಿತ್ತಲ್ಲ, ಯಾವ ಕಾರೂ ಅಡ್ಡವಿರಲಿಲ್ಲ. ಗಿನ್ಕಾ ಅದನ್ನು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೆ ತನಗೇ ಕೋಪ ಬಂತು. ಇಬ್ಬರು ಗಂಡಸರು ಅಸೆನ್‌ನನ್ನು ಹೊದಿಕೆಯಲ್ಲಿ ಸುತ್ತಿ, ಮೂರು ಮಹಡಿ ಹೊತ್ತು ಇಳಿಸಿದರು. ಒಂದು ಕಾಲಕ್ಕೆ ಅವನು ಬೆಟ್ಟದಿಂದ ಹೊತ್ತು ಇಳಿಸುತ್ತಿದ್ದವರು ಕಣ್ಣು ಮುಚ್ಚುತ್ತಿದ್ದ ಹಾಗೆಯೇ ಅವನೂ ಕಣ್ಣು ಮುಚ್ಚಿಕೊಂಡಿದ್ದ.

ಅವನು ಉಳಿದುಕೊಂಡ. ತೀವ್ರ ನಿಗಾ ಘಟಕದಲ್ಲಿ ಒಂದು ವಾರ ಯಂತ್ರಗಳ ನಡುವೆ ಮಲಗಿದ್ದು ಹೊರಬಂದಾಗ ಅರ್ಧ ಆಳಾಗಿದ್ದ. ಇನ್ನು ಮೂರನೇ ಮಹಡಿಯ ಮಾತೇ ಇಲ್ಲ ಎಂದರು ವೈದ್ಯರು. ಊರಂಚಿನ ಕಾಂಕ್ರೀಟು ಕಟ್ಟಡದಲ್ಲಿ ಇಸ್ಕ್ರಾಳ ಮನೆ, ನೆಲಮಹಡಿ. ಆ ಕಡೆ ಹೋಗುವ ಕೇಂದ್ರದ ವ್ಯಾನಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ಯಾರು ಬಿಟ್ಟರೆಂದು ಯಾರೂ ಕೇಳಲಿಲ್ಲ. ಬಿಲ್ಯಾನಾಳ ಕೋಣೆಯಲ್ಲಿ ತಾತನಿಗೆ ಮಂಚ ಹಾಕಿದರು. ಇಸ್ಕ್ರಾ, ಅವಳ ಗಂಡ, ಮಗು ಮೂವರಿಗೇ ಇಕ್ಕಟ್ಟಾಗಿದ್ದ ಮನೆಯಲ್ಲಿ ಗಿನ್ಕಾಳಿಗೆ ಮಲಗಲು ಚಾಪೆಯಷ್ಟು ಜಾಗವೂ ಉಳಿಯಲಿಲ್ಲ. ಅವಳ ಶಾಲೆಯೂ ಹಳೇ ಪೇಟೆಯಲ್ಲೇ. ಹೀಗಾಗಿ ಮದುವೆಯಾದಂದಿನಿಂದ ಬೇರೆಯಾಗದ ಗಂಡ ಹೆಂಡತಿ, ಅವನು ಅಲ್ಲಿ, ಅವಳು ಇಲ್ಲಿ ಎಂದಾಯಿತು. ದಿನಾ ಕೆಲಸ ಮುಗಿಸಿ ಅವಳು ಟ್ರಾಮಿನಲ್ಲಿ ಹೋಗಿ, ಅವನ ಪಾದಕ್ಕೆ ಎಣ್ಣೆ ತಿಕ್ಕಿ, ಸಪ್ಪೆ ಅಡುಗೆ ಮಾಡಿಟ್ಟು, ಮತ್ತೆ ಟ್ರಾಮು ಹಿಡಿದು ಖಾಲಿ ಮನೆಗೆ ಬರುತ್ತಿದ್ದಳು.

ಪೊಲೀಸರು ಅವಳನ್ನು ಕರೆಸಿ ಹೇಳಿಕೆ ಬರೆಸಿಕೊಂಡು ದಂಡ ಹಾಕಿದರು. ದಾಫಿನಾಳನ್ನೂ ಕರೆಸಿದರು. ಪ್ರೋದಾನನ ಹೆಸರು ಠಾಣೆಯ ಮೆಟ್ಟಿಲು ಹತ್ತಿದ್ದಕ್ಕೆ ಅವಳು ಗಿನ್ಕಾಳ ಜೊತೆ ಮಾತು ಬಿಟ್ಟಳು. "ತಪ್ಪಾಯ್ತು ದಾಫಿನಕ್ಕಾ" ಎಂದು ಗಿನ್ಕಾ ಬಾಗಿಲ ಹೊರಗೆ ನಿಂತು ಎಷ್ಟು ಸಲ ಹೇಳಿದರೂ ಒಳಗಿಂದ ರೇಡಿಯೊದ ಸದ್ದು ಮಾತ್ರ ಜೋರಾಗುತ್ತಿತ್ತು. ಕಾರನ್ನು ಬಿಡಿಸಿಕೊಳ್ಳಲು ಅವಳು ಹೋಗಲೇ ಇಲ್ಲ. ಅದು ಗುಜರಿಗೆ ಹೋಯಿತಂತೆ.

ಇಸ್ಕ್ರಾ ನಗರಸಭೆಯ ಸಭೆಗೆ ಹೋಗಿ, ತನ್ನ ಜೊತೆಗಾರರ ಎದುರೇ ಎದ್ದು ನಿಂತು ಅಪ್ಪನ ಕಥೆ ಹೇಳಿದಳು. ಗಾಡಿ ಕಿತ್ತುಕೊಳ್ಳುವ ಮೊದಲು ಮೆಟ್ಟಿಲಿಳಿಯಲಾರದವರನ್ನು ಹೊತ್ತೊಯ್ಯುವ ವ್ಯವಸ್ಥೆ ಮಾಡಿ ಎಂದು ಕೇಳಿದಳು. ಕೆಲವರು ಚಪ್ಪಾಳೆ ತಟ್ಟಿದರು. ಮುಂದಿನ ಚಳಿಗಾಲಕ್ಕೆ ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಾತ ಮೊಮ್ಮಗಳು ಒಂದೇ ಕೋಣೆಯಲ್ಲಿ ನಿದ್ದೆ ಹೋಗಿದ್ದರು. ತಾಯಿ ಮಗಳು ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದರು. ಆ ಚಳಿಗಾಲ ಬಿಲ್ಯಾನಾ ಒಂದೇ ಸಲ ಆಸ್ಪತ್ರೆ ಸೇರಿದ್ದಳು. ಅದು ನಿಯಮದಿಂದಲೋ, ಗಾಳಿ ಬೀಸಿದ್ದರಿಂದಲೋ ಯಾರಿಗೂ ಹೇಳಲು ಬರುತ್ತಿರಲಿಲ್ಲ.

ಇಸ್ಕ್ರಾ ಒಂದು ಪುಟ್ಟ ಸ್ವೆಟರನ್ನು ಕೊಡವಿ, ಕ್ಲಿಪ್ಪು ಹಾಕದೆ ಕೈಯಲ್ಲೇ ಹಿಡಿದು ನಿಂತಳು.

"ಅಮ್ಮಾ, ಸುಳ್ಳು ಹೇಳಲ್ಲ. ನಾಳೆ ಮತ್ತೆ ಕೇಳಿದ್ರೂ ಆ ನಿಯಮಕ್ಕೆ ಕೈ ಎತ್ತುತ್ತೀನಿ ನಾನು."

"ಗೊತ್ತು."

"ಬೈಯಿ ಬೇಕಾದ್ರೆ."

ಗಿನ್ಕಾ ಅವಳ ಕೈಯಿಂದ ಸ್ವೆಟರು ತೆಗೆದುಕೊಂಡು ತಂತಿಗೆ ಹಾಕಿದಳು. "ನಾಳೆ ಮತ್ತೆ ಸಿಕ್ಕಿದ್ರೆ ನಾನೂ ಆ ಕಾರ್ಡು ಇಡ್ತೀನಿ. ನೀನು ಬೈದ್ರೂ ಅಷ್ಟೇ."

ಬಟ್ಟೆ ಮುಗಿದ ಮೇಲೆ ಗಿನ್ಕಾ ಒಳಗೆ ಹೋಗಿ ಗಂಡನ ಹೊದಿಕೆ ಸರಿಮಾಡಿದಳು. ಅವನು ಅರೆಗಣ್ಣು ತೆರೆದು, "ಹೊರಟೆಯಾ?" ಎಂದ.

"ಹೂಂ. ಟ್ರಾಮಿಗೆ ಹೊತ್ತಾಯ್ತು."

"ಇನ್ನೊಂದು ಚೂರು ಕೂತ್ಕೋ."

ಕೂರಲು ಜಾಗ ಎಲ್ಲಿದೆ ಎಂದು ಅವಳು ಸುತ್ತ ನೋಡಿದಳು. ಆಮೇಲೆ ಕೋಟು ತೊಟ್ಟುಕೊಂಡೇ ಎರಡು ಮಂಚಗಳ ನಡುವೆ ನೆಲದ ಮೇಲೆ ಕೂತಳು.